ಚಿಗವ್ವನ ಖಾನಾವಳಿಯಲ್ಲಿ ಒಬ್ಬರೇ ಉಣ್ಣುವಂತಿಲ್ಲ

ಗಿರಾಕಿಗಳನ್ನು ಬೈದು ಓಡಿಸುವ ಸ್ಪರ್ಧೆ ಎಲ್ಲಾದರೂ ನಡೆದರೆ ನಮ್ಮವ್ವನ ತಂಗಿ ಚಿಗವ್ವನಿಗೆ ಮೊದಲ ಬಹುಮಾನ ಖಚಿತ. ಬಹುಮಾನ ಕೊಡಲು ಬಂದವರಿಗೂ "ಮೊದಲ ಕೈ ತೊಳಕೊಂಡ ಬರ್ರಿ" ಎನ್ನುತ್ತಾಳೆ, ಅದು ಬೇರೆ ಮಾತು!

ಗೋಕಾಕದ ಕೋರ್ಟಿನ ಹತ್ತಿರ ಅವಳದೊಂದು ರೊಟ್ಟಿ ಖಾನಾವಳಿ. ಬೋರ್ಡಿಲ್ಲ, ಮೆನು ಇಲ್ಲ. ಇರುವುದು ಐದು ಟೇಬಲ್ಲು ಮತ್ತು ಒಂದು ಕಾಯಿದೆ: ಯಾರೂ ಒಬ್ಬರೇ ಕುಳಿತು ಉಣ್ಣುವಂತಿಲ್ಲ. ಒಂಟಿಯಾಗಿ ಬಂದವರನ್ನು ಇನ್ನೊಬ್ಬ ಒಂಟಿಯ ಎದುರಿಗೆ ಕೂರಿಸಿಯೇ ಬಡಿಸುತ್ತಾಳೆ. ಎದುರಿಗೆ ಯಾರೂ ಸಿಗದಿದ್ದರೆ? ಸಿಗುವ ತನಕ ಕಾಯಬೇಕು! ಒಮ್ಮೆ ದೊಡ್ಡ ಸಾಹೇಬರೊಬ್ಬರು ಮೊಬೈಲ್ ನೋಡುತ್ತ ಉಣ್ಣಲು ಒಂದು ಮೂಲೆ ಕೇಳಿದರು. ಚಿಗವ್ವ ಅವರನ್ನು ದಡ್ಡಿ ಎಂಬ ಊರಿನಿಂದ ಕುರಿ ಮಾರಲು ಬಂದಿದ್ದ ಮುದುಕನ ಎದುರಿಗೆ ಕೂರಿಸಿದಳು. ಮುದುಕ ಕುರಿಗಳ ಕಾಲುಬೇನೆಯಿಂದ ಮಾತು ತೆಗೆದು ಸಾಹೇಬರ ಮೊಣಕಾಲು ನೋವಿಗೆ ಬಂದು ಮುಟ್ಟಿದ. ಈಗ ಸಾಹೇಬರು ಬಂದಾಗಲೆಲ್ಲ "ಆ ಕುರಿ ಅಜ್ಜ ಬಂದಾನೇನ್ರಿ?" ಎಂದೇ ಕೇಳುತ್ತಾರೆ.

ನಿಜವಾದ ಪೇಚು ಕೋರ್ಟಿನ ತಾರೀಖಿನ ದಿನ. ಮೇಲವಂಕಿಯ ಅಣ್ಣತಮ್ಮಂದಿರಿಬ್ಬರು ಹೊಲದ ಬದುವಿಗಾಗಿ ವರ್ಷಗಟ್ಟಲೆ ಕೇಸು ನಡೆಸಿದವರು. ಮುಖ ಕೊಟ್ಟು ಮಾತಾಡುವುದಿಲ್ಲ. ಬೇರೆ ಬೇರೆಯಾಗಿ ಊಟಕ್ಕೆ ಬಂದರು. ಖಾಲಿ ಇದ್ದದ್ದು ಒಂದೇ ಟೇಬಲ್ಲು.

"ಇವನ ಎದುರಿಗೆ ನಾ ಕುಂದ್ರೂದಿಲ್ರಿ" ಎಂದ ಅಣ್ಣ.

"ಕೋರ್ಟಿನ್ಯಾಗ ದಿನಗಟ್ಲೆ ಎದುರಾಬದುರಾ ನಿಂದ್ರತೀರಿ. ಇಲ್ಲಿ ಕುಂದ್ರಾಕ ಏನ ಧಾಡಿ?" ಎಂದಳು ಚಿಗವ್ವ. "ಹಸದಿದ್ರ ಕುಂದರ್ರಿ, ಇಲ್ಲಾಂದ್ರ ಹೋಗ್ರಿ."

ಹಸಿದಿದ್ದರು, ಕುಳಿತರು. ಇಬ್ಬರೂ ಗೋಡೆ ನೋಡುತ್ತ ಉಂಡರು. ಹೀಗೇ ಕೇಸಿನ ಮೂರನೆಯ ತಾರೀಖಿಗೆ ಅಣ್ಣ ತಮ್ಮನ ತಾಟಿನ ಕಡೆ ಉಳ್ಳಾಗಡ್ಡಿ ಸರಿಸಿದ. ರಾಜಿಯಾಯಿತು ಅಂದುಕೊಂಡಿರಾ? ಎಲ್ಲಿಯ ರಾಜಿ! ಕೇಸು ನಡೆದೇ ಇತ್ತು. ಆದರೆ ತಾರೀಖಿನ ದಿನದ ಊಟ ಮಾತ್ರ ಇಲ್ಲೇ, ಎದುರುಬದುರು.

ಅಷ್ಟರಲ್ಲಿ ರಸ್ತೆಯಾಚೆ ಹೊಸ ಹೋಟೆಲು ಬಂತು. ಪರದೆ ಕಟ್ಟಿದ ಕ್ಯಾಬಿನ್ನುಗಳು, ತಂಪು ಗಾಳಿ, ಯಾರ ಮುಖವನ್ನೂ ಯಾರೂ ನೋಡಬೇಕಿಲ್ಲ. ಚಿಗವ್ವನ ಟೇಬಲ್ಲುಗಳು ಒಂದೊಂದಾಗಿ ಖಾಲಿ ಬೀಳತೊಡಗಿದವು. ರೊಟ್ಟಿ ಬಡಿಯಲು ಬರುತ್ತಿದ್ದ ಹೆಂಗಸೂ ಅಲ್ಲಿಗೇ ಹೋದಳು. ಹೀಗೇ ನಡೆದರೆ ದೀಪಾವಳಿಯೊಳಗೆ ಖಾನಾವಳಿಗೆ ಬೀಗ. ನಾನೋ ಮೂಡಲಗಿಯ ಕಾಲೇಜೊಂದರಲ್ಲಿ ವಾಣಿಜ್ಯ ಕಲಿಸುವವನು; ಬ್ರ್ಯಾಂಡ್, ಗ್ರಾಹಕರ ಅನುಭವ ಎಂದೆಲ್ಲ ಕರಿಹಲಗೆಯ ಮೇಲೆ ಬಾಣ ಎಳೆದು ತೋರಿಸುವವನು. ಸುಮ್ಮನಿರಲಾದೀತೆ?

"ಚಿಗವ್ವಾ, ಎರಡ ಕ್ಯಾಬಿನ್ ಮಾಡಸು. ಮಂದಿಗೆ ಈಗ ಒಬ್ಬರ ಕುಂತ ಉಣ್ಣೂದ ಬೇಕಾಗೇತಿ."

"ಒಬ್ಬರ ಉಣ್ಣಾಕ ಮನಿ ಐತಲ್ಲ. ಇಲ್ಲಿಗ್ಯಾಕ ಬರ್ತಾರ?"

"ಹಿಂಗಾದ್ರ ಬಾಗಲಾ ಮುಚ್ಚಬೇಕಾಗತೈತಿ."

"ಮುಚ್ಚಲಿ. ಪರದಾ ಕಟ್ಟಿ ನಡಸೂದಕ್ಕಿಂತ ಮುಚ್ಚೂದ ಛಲೋ. ನಿನ್ನ ಪಾಠ ನಿನ್ನ ಸಾಲ್ಯಾಗ ಇಟ್ಕೊ."

ಆಯಿತಲ್ಲ, ಮೇಷ್ಟ್ರ ಮರ್ಯಾದೆ!

ಕಳೆದ ತಿಂಗಳು ಒಂದು ಮಧ್ಯಾಹ್ನ ನಾನು ಅಲ್ಲಿದ್ದೆ. ಒಬ್ಬ ಗಿರಾಕಿಯೂ ಇರಲಿಲ್ಲ. ಆ ಹೊಸ ಹೋಟೆಲಿನಿಂದ ಇಳಿದು ರಸ್ತೆ ದಾಟಿ ಮೇಲವಂಕಿಯ ತಮ್ಮ ಬಂದ. ಮುಖ ಬತ್ತಿಹೋಗಿತ್ತು.

"ಅಣ್ಣ ತೀರಿ ಹ್ವಾದ್ರಿ, ಅಕ್ಕಾರ. ಕೇಸ ಹಿಂದಕ್ಕ ತಗೊಳಾಕ ಬಂದಿದ್ದೆ" ಎಂದ. "ಅಲ್ಲಿ ಪರದಾದಾಗ ಹೋಗಿ ಕುಂತೆ. ತುತ್ತ ಇಳೀಲಿಲ್ರಿ, ಎದ್ದ ಬಂದೆ."

ಅವನೆದುರಿಗೆ ಕೂರಲೆಂದು ನಾನು ಏಳುವಷ್ಟರಲ್ಲಿ ಚಿಗವ್ವ ಹಿಟ್ಟಿನ ಕೈ ತೊಳೆದುಕೊಂಡು ಎರಡು ತಾಟು ತಂದಳು. ಇಷ್ಟು ವರ್ಷದಲ್ಲಿ ಗಿರಾಕಿಯ ಜೊತೆ ಒಂದು ದಿನವೂ ಕೂರದವಳು ಅವನೆದುರಿಗೆ ಕುಳಿತಳು. ತಾನೇ ಮೊದಲು ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು.

"ಉಣ್ಣು ನನ್ನಪ್ಪಾ" ಎಂದಳು. "ಸಾವಕಾಶ ಉಣ್ಣು. ನೀ ಉಂಡ ಏಳೂತನಾ ನಾ ಏಳೂದಿಲ್ಲ."

ಅವನು ಅಳುತ್ತಲೇ ಉಂಡ. ನನಗೂ ತಡೆಯಲಾಗಲಿಲ್ಲ. ಪಲ್ಯದ ಪಾತ್ರೆ ಹಿಡಿದು ಬಡಿಸಲು ಎದ್ದೆ.