ಲಿಫ್ಟಿನ ಗುಂಡಿಯ ಹಿಂದೆ ಮಲಗಿರುವ ಮಹಾಶಯರಿಗೆ

ಮಾನ್ಯ ಫಂಕ್ಷನ್ ಮಹಾಶಯರೇ,

ಕ್ಲೌಡಿನಲ್ಲಿ, ಅಂದರೆ ಎಲ್ಲೋ ದೂರದ ಕಂಪ್ಯೂಟರಿನಲ್ಲಿ, ಸುಖನಿದ್ರೆಯಲ್ಲಿರುವ ಪುಟ್ಟ ಪ್ರೋಗ್ರಾಮ್ ಆದ ತಮಗೆ ಈ ಕಟ್ಟಡದ ಲಿಫ್ಟ್ ಮೆಕ್ಯಾನಿಕ್ ಮಾಡುವ ನಮಸ್ಕಾರಗಳು. ತಾವು ಏಳುವವರೆಗೆ ಕಾಯುತ್ತೇನೆ, ಅವಸರವಿಲ್ಲ.

ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ಗುಂಡಿ ಒತ್ತಿದಾಗ ಎದ್ದು, ನನ್ನ ಫೋನು ಬಾರಿಸಿ, ಮತ್ತೆ ಮಲಗುವುದಷ್ಟೇ ತಮ್ಮ ಉದ್ಯೋಗ. ಒಂಬತ್ತನೇ ಆವೃತ್ತಿಯಲ್ಲಿದ್ದಾಗ ತಾವು ಅರ್ಧ ಸೆಕೆಂಡಿನಲ್ಲಿ ಎದ್ದು ಕೂರುತ್ತಿದ್ದಿರಿ. ಹತ್ತನೆಯದರಲ್ಲಿ ಮೈಮುರಿಯಲು ಮೂರು ಸೆಕೆಂಡು ಹಿಡಿಯಿತು. ಹನ್ನೊಂದನೆಯದಕ್ಕೆ ಬಡ್ತಿ ಪಡೆದ ಮೇಲೆ ಹನ್ನೆರಡು ಸೆಕೆಂಡು. ಬಡ್ತಿ ಸಿಕ್ಕವರು ನಿಧಾನವಾಗುವುದು ಎಲ್ಲೆಡೆ ಇದ್ದದ್ದೇ, ಆಕ್ಷೇಪವಿಲ್ಲ. ಆದರೆ ಗುಂಡಿಯ ಪಕ್ಕದ ಸ್ಪೀಕರ್ ಡಬ್ಬಿಯ ತಾಳ್ಮೆ ಹತ್ತೇ ಸೆಕೆಂಡು. ಅಷ್ಟಕ್ಕೆ ಅದು ಕರೆಯನ್ನೇ ರದ್ದು ಮಾಡಿಬಿಡುತ್ತದೆ.

ತಮ್ಮನ್ನು ಪರೀಕ್ಷಿಸಿದ ಪ್ರೋಗ್ರಾಮರ್ ಬೆನ್ನುಬೆನ್ನಿಗೆ ಇಪ್ಪತ್ತು ಸಲ ಗುಂಡಿ ಒತ್ತಿ, "ಮೊದಲನೇದು ಬಿಡಿ, ಆಗಿನ್ನೂ ನಿದ್ದೇಲಿತ್ತು. ಆಮೇಲೆ ನೋಡಿ, ಗಾಳಿ ಥರ ಓಡುತ್ತೆ!" ಎಂದು ತಮ್ಮನ್ನು ಪಾಸು ಮಾಡಿದರು.

ಆ ಬಿಟ್ಟ ಮೊದಲನೆಯದೇ ನನ್ನ ಅತ್ತೆಯವರ ಪಾಲಿಗೆ ಬಂತು. ಆರನೇ ಮಹಡಿಯಲ್ಲಿ ವಾಸ, ಮೊಣಕಾಲು ನೋವು, ನಿವೃತ್ತ ಶಿಕ್ಷಕಿ. ಲಿಫ್ಟು ನಡುವೆ ನಿಂತಾಗ ಗುಂಡಿ ಒತ್ತಿದರು. "ಉತ್ತರವಿಲ್ಲ, ಸ್ವಲ್ಪ ಹೊತ್ತಿನ ನಂತರ ಒತ್ತಿ" ಎಂದಿತು ಡಬ್ಬಿ. ಬೇರೆ ಯಾರಾದರೂ ಆಗಿದ್ದರೆ ಗುಂಡಿ ಕಿತ್ತುಬರುವಂತೆ ಗುದ್ದುತ್ತಿದ್ದರು, ಮೊದಲ ಗುದ್ದಿಗೆ ಎಚ್ಚರಗೊಂಡ ತಾವು ಮುಂದಿನದಕ್ಕೆ ನನ್ನ ಫೋನು ಬಾರಿಸುತ್ತಿದ್ದಿರಿ. ನಲವತ್ತು ವರ್ಷ ಮಕ್ಕಳಿಗೆ ಶಿಸ್ತು ಕಲಿಸಿದ ಅತ್ತೆ, ಗಡಿಯಾರ ನೋಡಿಕೊಂಡು ಕಾಲು ಗಂಟೆ ಕಾದು ಮತ್ತೆ ಒತ್ತಿದರು. ಹತ್ತು ನಿಮಿಷ ಕೆಲಸವಿಲ್ಲದಿದ್ದರೆ ಮಲಗಿಬಿಡುವ ತಾವು ಅಷ್ಟರಲ್ಲಿ ಮತ್ತೆ ಗೊರಕೆ ಹೊಡೆಯುತ್ತಿದ್ದಿರಿ. ಮೂರನೇ ಸಲವೂ ಅದೇ. ಕೊನೆಗೆ ಕೆಳಗಿನ ಮನೆಗೆ ಎರವಲು ಕೊಡಲು ಒಯ್ಯುತ್ತಿದ್ದ ತಟ್ಟೆಗೆ ಜೊತೆಗಿದ್ದ ಸೌಟಿನಿಂದ ಬಾರಿಸಿದರು, ನಾನು ಓಡಿಬಂದೆ.

"ಏನ್ರೀ ಅಳಿಯಂದ್ರೇ, ಆ ಕಡೆ ಯಾರನ್ನ ಇಟ್ಟಿದೀರಿ? ಮಲಗಿದ್ರೆ ಮಲಗಿದೀನಿ ಅಂತ ಹೇಳೋಕಾದ್ರೂ ಒಬ್ಬರು ಬೇಡ್ವಾ?"

ಅಂದಿನಿಂದ ಎಂಟು ದಿನವಾಯಿತು, ಅವರು ಲಿಫ್ಟು ಹತ್ತಿಲ್ಲ, ಮೆಟ್ಟಿಲು ಇಳಿಯಲಾರರು. ಕೆಳಗೆ ಅವರ ಗೆಳತಿಯರು ನಾಲ್ವರ ಕೇರಂ ಆಟವನ್ನು ಮೂವರೇ ಆಡುತ್ತ, ಖಾಲಿ ಕುರ್ಚಿಯನ್ನೂ ನನ್ನನ್ನೂ ಸರದಿಯಂತೆ ನೋಡುತ್ತಾರೆ.

ಆದ್ದರಿಂದ ತಾವು ದಯವಿಟ್ಟು ಒಂದು ಕಣ್ಣು ತೆರೆದು ಮಲಗಬೇಕು. ಅದು ಘನತೆಗೆ ಕುಂದೆನಿಸಿದರೆ, ತಾವು ಎಚ್ಚರವಿರುವ ವೇಳೆಯನ್ನು ಮುಂಚಿತವಾಗಿ ತಿಳಿಸಿದಲ್ಲಿ, ಲಿಫ್ಟು ಆ ವೇಳೆಯಲ್ಲೇ ಕೆಡುವಂತೆ ನಾನು ಅದನ್ನು ಒಪ್ಪಿಸುತ್ತೇನೆ.

ತಮ್ಮ ವಿಶ್ವಾಸಿ,
ಮೆಕ್ಯಾನಿಕ್, ಅದಕ್ಕಿಂತ ಹೆಚ್ಚಾಗಿ ಅಳಿಯ

ತಾ.ಕ.: ಇದನ್ನು ಬರೆದ ಮೇಲೆ, ಇಂದು ಸಂಜೆ ಅತ್ತೆ ಲಿಫ್ಟಿನಲ್ಲೇ ಇಳಿದು ಬಂದು ಮೂರು ಆಟ ಗೆದ್ದರು. ಅದಕ್ಕೆ ಮೊದಲೇ ಅವರ ಅಪ್ಪಣೆಯಂತೆ ಆ ತಟ್ಟೆ, ಸೌಟುಗಳನ್ನು ತಮ್ಮ ಗುಂಡಿಯ ಪಕ್ಕದಲ್ಲೇ ಸರಪಳಿಗೆ ನೇತುಹಾಕಿದ್ದೇನೆ. ಎರಡೂ ಅವರ ಮದುವೆಯ ಕಾಲದ ಆವೃತ್ತಿ. ಮೊದಲ ಏಟಿಗೇ ಇಡೀ ಕಟ್ಟಡ ಎದ್ದು ಕೂರುತ್ತದೆ. ತಮ್ಮ ನಿದ್ದೆಗೆ ಮಾತ್ರ ಭಂಗ ಬರಲಾರದೆಂದು ನಂಬಿದ್ದೇನೆ.