ಸೇತುವೆಯಾಚೆಯ ಬಾಗಿಲು

ತಪ್ಪೆಲ್ಲ ಮೊಯ್ದೀನಬ್ಬನದ್ದು ಎಂದೇ ರೂಪೇಶ ಇವತ್ತಿಗೂ ಹೇಳುತ್ತಾನೆ. ಕಂಕನಾಡಿಯ ತನ್ನ ಗುಜರಿ ಅಂಗಡಿಗೆ ಬಂದ ಹಳೇ ಕಂಪ್ಯೂಟರನ್ನು ಅವನು ಒಡೆದು ತೂಕಕ್ಕೆ ಹಾಕಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಹಾಕಲಿಲ್ಲ, ಫೋನ್ ಮಾಡಿದ.

"ರೂಪೇಶಣ್ಣ, ನೀವು ಕಲಿತ ಕಂಪ್ಯೂಟರ್ ಕ್ಲಾಸಿನದ್ದೇ ಇದು. ಹಿಂದೆ ಚೀಟಿ ಉಂಟು, ನಾಲ್ಕನೇ ನಂಬರು. ಆನ್ ಆಗ್ತದೆ. ಎಷ್ಟು ದಿನ ಅಂತ ಮಾತ್ರ ನನ್ನತ್ರ ಕೇಳ್ಬೇಡಿ, ಒಳಗೆ ನರಳುವ ಶಬ್ದ ಬರ್ತದೆ."

ರೂಪೇಶ ಈಗ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಇಪ್ಪತ್ತೈದು ವರ್ಷಗಳ ಹಿಂದೆ ಅದೇ ನಾಲ್ಕನೇ ನಂಬರಿನ ಮುಂದೆ ಕೂತು ಆರು ತಿಂಗಳಲ್ಲಿ ಅವನು ಕಲಿತದ್ದು ಒಂದೇ ಒಂದು ಆಟ. ಹೆಬ್ಬೆರಳಿನಷ್ಟು ಎತ್ತರದ ಮನುಷ್ಯನೊಬ್ಬ ಒಂಬತ್ತು ಹಂತಗಳ ಕೋಟೆ ಹತ್ತಬೇಕು. ಒಂಬತ್ತನೆಯದರಲ್ಲಿ ತೂಗಾಡುವ ಸೇತುವೆ, ಅದರಾಚೆ ಮುಚ್ಚಿದ ಬಾಗಿಲು. ಸೇತುವೆಯನ್ನು ಕ್ಲಾಸಿನ ಯಾರೊಬ್ಬರೂ ದಾಟಿರಲಿಲ್ಲ. ಅಷ್ಟರಲ್ಲಿ ಕೋರ್ಸು ಮುಗಿಯಿತು, ಕ್ಲಾಸೂ ಮುಚ್ಚಿತು. ಬಾಗಿಲ ಹಿಂದೆ ಏನಿತ್ತು? ಮದುವೆಯಾಯಿತು, ಎರಡು ನೌಕರಿ ಬದಲಾದವು, ತಲೆ ಅರ್ಧ ಬೋಳಾಯಿತು, ಆ ಪ್ರಶ್ನೆ ಮಾತ್ರ ಹೋಗಲಿಲ್ಲ. ಸಾಯುವುದರೊಳಗೆ ಒಮ್ಮೆ ನೋಡಬೇಕೆಂದು ಅವನಿಗೆ ನಿಜವಾಗಿಯೂ ಆಸೆಯಿತ್ತು. ನಗಬೇಡಿ, ಒಬ್ಬೊಬ್ಬರಿಗೆ ಒಂದೊಂದು ಹುಚ್ಚು.

ಆಯುಧಪೂಜೆಯ ರಜೆ. ಕದ್ರಿಯ ಅವನ ಫ್ಲಾಟಿನ ಊಟದ ಮೇಜಿನ ಮೇಲೆ ಬೆಳಿಗ್ಗೆಯೇ ಕಂಪ್ಯೂಟರ್ ಪ್ರತಿಷ್ಠಾಪನೆಯಾಯಿತು. ಆಟ ಒಳಗೇ ಇತ್ತು, ಪುಣ್ಯ! ಆದರೆ ನಡುವೆ ನಿಲ್ಲಿಸಿ ಮತ್ತೆ ಅಲ್ಲಿಂದಲೇ ಶುರು ಮಾಡುವ ಸೌಲಭ್ಯ ಆ ಕಾಲದ ಆಟಕ್ಕಿಲ್ಲ. ಸತ್ತರೆ ಮೊದಲನೇ ಹಂತ, ಮತ್ತೆ ಮುಕ್ಕಾಲು ಗಂಟೆ.

ಏಳನೇ ಹಂತದಲ್ಲಿ ಹೆಂಡತಿ ತೃಪ್ತಿ ಅಡುಗೆಮನೆಯಿಂದ ಕೂಗಿದಳು. "ಮಾರಾಯ್ರೇ, ಸ್ಕೂಟರ್ ತೊಳೆಯುದು ಯಾರು? ಪೂಜೆಗೆ ಹಾಗೇ ಕೆಸರಲ್ಲಿ ನಿಲ್ಲಿಸುದಾ?"

ರೂಪೇಶ ತಲೆಯೆತ್ತಿದ. ಮನುಷ್ಯ ಹೊಂಡಕ್ಕೆ ಬಿದ್ದ.

ಸ್ಕೂಟರ್ ತೊಳೆದು ಬಂದು ಮತ್ತೆ ಎಂಟನೇ ಹಂತ ಮುಟ್ಟುವಾಗ ಕೆಳಗಿನ ಮನೆಯ ಜೂಲಿ ಬಾಯಿ ಬಂದರು. "ನಿಮ್ಮಲ್ಲಿ ಕಂಪ್ಯೂಟರ್ ಬಂದಿದೆಯಂತೆ. ನಮ್ಮ ಆಂಡ್ರಿಯಾ ಕುವೈಟಿಂದ ವೀಡಿಯೊ ಕಾಲ್ ಮಾಡ್ತಾಳಲ್ಲ, ಇದರಲ್ಲಿ ಮಗಳ ಮುಖ ದೊಡ್ಡದಾಗಿ ಕಾಣ್ತದಾ?"

"ಜೂಲಿ ಬಾಯಿ, ಇದರಲ್ಲಿ ಕುವೈಟ್ ಬಿಡಿ, ಇಲ್ಲೇ ಹತ್ತಿರದ ಪಂಪ್‌ವೆಲ್ಲೂ ಕಾಣುದಿಲ್ಲ!"

ಅಷ್ಟು ಹೇಳುವುದರೊಳಗೆ ಮನುಷ್ಯನ ಮೇಲೆ ಬಂಡೆ ಬಿತ್ತು. ಜೂಲಿ ಬಾಯಿ ಪಶ್ಚಾತ್ತಾಪಪಟ್ಟು ವಾಪಸ್ ಹೋದರೆಂದುಕೊಂಡಿರಾ? ಕುರ್ಚಿ ಎಳೆದು ಪಕ್ಕದಲ್ಲೇ ಕೂತರು. "ಪಾಪ, ನೀವು ಆಡಿ. ನಾನು ಹೇಳಿಕೊಡ್ತೇನೆ."

ಮೂರನೇ ಸಲ, ಜೂಲಿ ಬಾಯಿಯ ಮಾರ್ಗದರ್ಶನವನ್ನೂ ಮೀರಿ, ಅವನು ಒಂಬತ್ತನೇ ಹಂತ ತಲುಪಿದ. ಸೇತುವೆ ತೂಗುತ್ತಿತ್ತು. ಬಾಗಿಲು ಕಾಣುತ್ತಿತ್ತು. ಆಗ ಅಂಗಳದಿಂದ ಅಸೋಸಿಯೇಶನ್ ಕಾರ್ಯದರ್ಶಿ ಸಂಕಪ್ಪನವರ ಗಂಟಲು ಕೇಳಿತು.

"ರೂಪೇಶಾ! ಭಟ್ರು ಬಂದಾಯ್ತು, ನಿನ್ನ ಸ್ಕೂಟರ್ ಅಡ್ಡ ಉಂಟು! ಎಲ್ಲರ ಗಾಡಿ ಕಾಯ್ತಾ ಉಂಟು ಮಾರಾಯ!"

ಸೇತುವೆಯ ಈಚೆಗೊಂದು ಕಲ್ಲು. ಅದರ ಮೇಲೆ ನಿಂತವನಿಗೆ ಯಾವ ಅಪಾಯವೂ ಇಲ್ಲ. ಮನುಷ್ಯನನ್ನು ಅಲ್ಲಿ ನಿಲ್ಲಿಸಿ ರೂಪೇಶ ಎದ್ದ. "ಅಮ್ಮ, ತೃಪ್ತಿ, ಜೂಲಿ ಬಾಯಿ, ನಿಮಗೆ ಕೈಮುಗಿತೇನೆ. ಯಾರೂ ಇದನ್ನು ಮುಟ್ಟಬಾರದು!"

"ನಾವ್ಯಾಕೆ ಮುಟ್ಟುದು ಮಗ?" ಎಂದರು ಅವನ ತಾಯಿ ಮುದ್ದಮ್ಮ, ಹೂ ಕಟ್ಟುತ್ತಾ.

ಕೆಳಗೆ ತೊಳೆದ ಸ್ಕೂಟರ್ ನೀರು ಕುಡಿದು ಸ್ಟಾರ್ಟ್ ಆಗಲಿಲ್ಲ. ತಳ್ಳಿ ಸಾಲಿಗೆ ನಿಲ್ಲಿಸಿ, ಸಂಕಪ್ಪನವರ ಕಾರಿನ ನಾಲ್ಕೂ ಚಕ್ರಗಳಿಗೆ ನಿಂಬೆಹಣ್ಣು ಇಡುವವರೆಗೂ ಕಾದ. ಅಷ್ಟರಲ್ಲಿ ಮೇಲಿಂದ ಚಪ್ಪಾಳೆ, ನಗು, ಜೂಲಿ ಬಾಯಿಯ ಕಿರುಚಾಟ ಒಟ್ಟಿಗೇ ಕೇಳಿ ಬಂತು. ರೂಪೇಶ ಪ್ರಸಾದವನ್ನೂ ಬಿಟ್ಟು ಮೂರು ಮಾಳಿಗೆ ಹತ್ತಿ ಓಡಿದ.

ಮಾನಿಟರಿಗೆ ಸೇವಂತಿಗೆ ಮಾಲೆ, ನೆತ್ತಿಗೆ ಕುಂಕುಮ. ಕೀಬೋರ್ಡಿನಲ್ಲಿ ಮುಂದಕ್ಕೆ ಓಡಿಸುವ ಬಾಣದ ಗುಂಡಿಯ ಮೇಲೆ ದಪ್ಪದೊಂದು ತೆಂಗಿನಕಾಯಿ, ಹಾರಿಸುವ ಉದ್ದ ಗುಂಡಿಯ ಮೇಲೆ ಒಂದು ಚಿಪ್ಪು ಬಾಳೆಹಣ್ಣು. ಪರದೆ ಕಪ್ಪು.

"ಯಾರು ಮುಟ್ಟಿದ್ದು?"

"ಯಾರೂ ಮುಟ್ಲಿಲ್ಲ ಮಗ," ಎಂದರು ಮುದ್ದಮ್ಮ. "ಆಯುಧಪೂಜೆಯ ದಿನ ಮನೆಗೆ ಬಂದ ಮಿಶಿನಿಗೆ ಇಡದೆ ಬಿಡುದುಂಟಾ? ಕಾಯಿ, ಹಣ್ಣು ಇಟ್ಟದ್ದಷ್ಟೇ. ನಿನ್ನ ಆ ಜನ ಓಡಿದ ನೋಡು! ನಿಲ್ಲದೆ ಹಾರಿ ಹಾರಿ ಸೇತುವೆ ದಾಟಿಯೇ ಬಿಟ್ಟ. ಬಾಗಿಲು ತೆರೆಯಿತು. ದೇವರ ದಯೆ ಅಂತ ನಾನು ಮೇಲಿಂದ ಸ್ವಲ್ಪ ತೀರ್ಥ ಚಿಮುಕಿಸಿದೆ. ಚಟ್ ಅಂತು."

ಕ್ಲಾಸಿನ ಆ ಆರು ತಿಂಗಳೂ ಅವನು ಲೆಕ್ಕ ಹಾಕಿ ಹಾಕಿ ಹಾರಿ ಬಿದ್ದಿದ್ದ. ಎರಡೂ ಗುಂಡಿಗಳಿಂದ ಕೈ ತೆಗೆಯದೆ ಒತ್ತಿ ಹಿಡಿದಿದ್ದರೆ ಸಾಕಿತ್ತು. ತೆಂಗಿನಕಾಯಿಗೆ ತಿಳಿದದ್ದು ಅವನಿಗೆ ತಿಳಿಯಲಿಲ್ಲ. ಅವನು ಕುಸಿದು ಕೂತು ಮೊಯ್ದೀನಬ್ಬನಿಗೆ ಫೋನ್ ಮಾಡಿದ.

"ನೀರು ಹಾಕಿದ್ದಾ? ಹಾಗಾದ್ರೆ ತೂಕಕ್ಕೇ ತನ್ನಿ ಅಣ್ಣ," ಎಂದ ಅವನು.

"ಹೋಗ್ಲಿ," ಎಂದ ರೂಪೇಶ ಫೋನ್ ಇಟ್ಟು ಮೂವರತ್ತ ತಿರುಗಿ, ಅಳು ಒಂದನ್ನು ಬಿಟ್ಟು ಉಳಿದೆಲ್ಲವೂ ಇದ್ದ ದನಿಯಲ್ಲಿ. "ಬಾಗಿಲ ಹಿಂದೆ ಎಂತ ಇತ್ತು?"

"ದೇವಿ," ಎಂದರು ಮುದ್ದಮ್ಮ, ಕೈಮುಗಿದು.

"ದೇವಿಯಾ? ಗಡ್ಡದ ಅಜ್ಜ ಅತ್ತೆ ಅದು! ಡ್ಯಾನ್ಸ್ ಮಾಡಿದ್ದು ನೋಡ್ಲಿಲ್ವಾ?" ಎಂದಳು ತೃಪ್ತಿ.

"ಎಂತ ಅಜ್ಜ? ನಾಯಿ ಅದು, ಬಿಳಿ ನಾಯಿ!" ಎಂದರು ಜೂಲಿ ಬಾಯಿ. "ಜಗಳ ಯಾಕೆ? ಆಂಡ್ರಿಯಾಗೆ ಕಳಿಸ್ಲಿಕ್ಕೆ ಅಂತ ನಾನು ಶುರುವಿಂದ ಕೊನೆವರೆಗೆ ವೀಡಿಯೊ ತೆಗೆದಿದ್ದೇನೆ."

ರೂಪೇಶನಿಗೆ ಹೋದ ಜೀವ ಬಂತು. ಜೂಲಿ ಬಾಯಿಯ ಕಾಲಿಗೇ ಬೀಳುವವನಿದ್ದ. ಅವರ ಫೋನ್ ಕಸಿದುಕೊಂಡು ಒತ್ತಿದ.

ವೀಡಿಯೊ ಬಹಳ ಸ್ಪಷ್ಟವಾಗಿತ್ತು. ಆದರೆ ಮಗಳೊಡನೆ ಮಾತಾಡಿ ಮಾತಾಡಿ ಜೂಲಿ ಬಾಯಿಯ ಫೋನಿನ ಕ್ಯಾಮೆರಾ ಯಾವಾಗಲೂ ಅವರ ಕಡೆಗೇ ತಿರುಗಿರುತ್ತಿತ್ತು. ಎರಡು ನಿಮಿಷದುದ್ದಕ್ಕೂ ಪರದೆ ತುಂಬ ಅವರ ಹಣೆ, ಅರಳಿದ ಎರಡು ಕಣ್ಣು, ಜೊತೆಗೆ ಧ್ವನಿ. "ತೆರೀತು, ತೆರೀತು! ಅಯ್ಯೋ ದೇವರೇ, ಒಳಗೆ ಇದೆಂತ ಇದು!"

ರೂಪೇಶ ಅದನ್ನು ಮೊದಲಿಂದ ಹಾಕಿದ. ಮತ್ತೊಮ್ಮೆ ಹಾಕಿದ. ಆಮೇಲೆ ವೀಡಿಯೊ ನಿಲ್ಲಿಸಿ, ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ, ಜೂಲಿ ಬಾಯಿಯ ಕಣ್ಣಗುಡ್ಡೆಯೊಳಗೆ ಏನಾದರೂ ಕಾಣುತ್ತದೆಯೇ ಎಂದು ಹುಡುಕತೊಡಗಿದ.