‘ಬರ್ತೇನೆ’ ಎಂದವಳ ಒರಿಜಿನಲ್‌ಗಳು

ವಾದದಲ್ಲಿ ಗೆದ್ದವರಿಗೆ ಅವರವರ ಕಾಗದಪತ್ರ ವಾಪಸು ಸಿಗುತ್ತದೆ ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಇದನ್ನು ನಾನು ಕಲಿತದ್ದು ತೀರಾ ಈಚೆಗೆ. ಅದಕ್ಕೆ ಮೊದಲು, ಬಾಯಿ ಗಟ್ಟಿಯಿದ್ದರೆ ಸಮುದ್ರದಾಚೆಯಿಂದಲೂ ಬೇಕಾದ್ದನ್ನು ತರಿಸಿಕೊಳ್ಳಬಹುದು ಎಂದೇ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಪುತ್ತೂರಿನ ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆ ಎಂದರೆ ನಾನು. ‘ವಿಜ್ಞಾನ ವರವೋ ಶಾಪವೋ’ ಎಂಬ ವಿಷಯದಲ್ಲಿ ಒಂದು ವರ್ಷ ವರ ಎಂದು ಸಾಧಿಸಿ ಕಪ್ಪು ಗೆದ್ದೆ, ಮರುವರ್ಷ ಶಾಪ ಎಂದು ಸಾಧಿಸಿ ಇನ್ನೊಂದು ಗೆದ್ದೆ. ಕಡಬದ ನಮ್ಮ ಮನೆಯ ಗೋಡೆಗೂಡಿನಲ್ಲಿ ಅವೆರಡೂ ಅಕ್ಕಪಕ್ಕ ಕುಳಿತಿವೆ. ನನಗಿಂತ ಅವುಗಳ ಸ್ವಭಾವ ಒಳ್ಳೆಯದು, ಒಂದರೊಡನೊಂದು ಜಗಳವಾಡುವುದಿಲ್ಲ. ಆಮೇಲೆ ಮಂಗಳೂರಿನ ಕಾಲೇಜಿಗೆ ಹೋಗಿ ಇಂಗ್ಲಿಷಿನಲ್ಲಿ ಜಗಳವಾಡಲು ಕಲಿತೆ. ಅಪ್ಪ ಮಾತ್ರ, “ಇವಳಿಗೆ ಗಂಡು ಹುಡುಕುದಲ್ಲ, ಜಡ್ಜು ಹುಡುಕಬೇಕು” ಎನ್ನುತ್ತಿದ್ದರು.

ನಾನು ಇಡೀ ಬಾಲ್ಯದಲ್ಲಿ ಗೆಲ್ಲಲಾಗದೆ ಉಳಿದದ್ದು ಒಂದೇ ಒಂದು ವಾದ, ಅದೂ ಒಂದೇ ಒಂದು ಶಬ್ದದ ಕುರಿತು. ಮನೆಯಿಂದ ಹೊರಡುವಾಗ ‘ಹೋಗ್ತೇನೆ’ ಎನ್ನಬಾರದು, ‘ಬರ್ತೇನೆ’ ಎನ್ನಬೇಕು ಎಂಬುದು ಅಮ್ಮನ ಕಾನೂನು. ನಾನು ಮೆಟ್ಟಿಲಿಳಿಯುತ್ತಾ “ಪೋಪೆ” ಎಂದರೆ ಸಾಕು, ಅಡುಗೆಮನೆಯಿಂದ “ಪೋಪೆ ಪನರೆ ಬಲ್ಲಿ, ಬರ್ಪೆ ಪನೊಡು!” ಎಂದು ತುಳುವಿನಲ್ಲಿ ತಿದ್ದುಪಡಿ ಹಾರಿ ಬರುತ್ತಿತ್ತು. ಹೋಗುತ್ತಿರುವವಳು ಬರುತ್ತೇನೆ ಎನ್ನುವುದು ಸುಳ್ಳಲ್ಲವೇ, ಬಾಯಿಂದ ಬಿದ್ದ ಶಬ್ದಕ್ಕೂ ಬಸ್ಸಿನ ಬ್ರೇಕಿಗೂ ಏನು ಸಂಬಂಧ ಎಂದೆಲ್ಲ ಕೇಳಿ ನೋಡಿದೆ. ಕೊನೆಗೆ ಪ್ರಯೋಗಕ್ಕೇ ಇಳಿದು, ಒಂದು ಇಡೀ ಟರ್ಮು ದಿನಾ ಬೆಳಿಗ್ಗೆ ಬೇಕೆಂದೇ ‘ಹೋಗ್ತೇನೆ’ ಎಂದು ಹೇಳಿ ಶಾಲೆಗೆ ಹೋದೆ, ದಿನಾ ಸಂಜೆ ಕೈಕಾಲು ನೆಟ್ಟಗಿಟ್ಟುಕೊಂಡೇ ಬಂದೆ. ಟರ್ಮಿನ ಕೊನೆಗೆ ಫಲಿತಾಂಶವನ್ನು ಗಂಭೀರವಾಗಿ ಪ್ರಕಟಿಸಿದಾಗ ಅಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲೂ ಇಲ್ಲ. “ನೀನು ಹೋಗ್ತೇನೆ ಅಂದಾಗೆಲ್ಲ ನಾನು ಒಳಗಿಂದ ‘ಬರ್ತಾಳೆ’ ಅಂತ ಹೇಳ್ತಾ ಇದ್ದೆ. ಹಾಗಾಗಿ ಬಂದದ್ದು ನೀನು” ಎಂದರು. ಹೀಗೆ ನನ್ನ ಮೊದಲ ವೈಜ್ಞಾನಿಕ ಪ್ರಯೋಗ ಹಾಳಾಯಿತು.

ಜಡ್ಜು ಸಿಗದ ಕಾರಣ ಅಪ್ಪ ನನ್ನನ್ನು ಒಬ್ಬ ರೈಟರಿಗೆ ಕೊಟ್ಟರು. ರೈಟರು ಎಂದರೆ ತೋಟದ ಲೆಕ್ಕ ಬರೆಯುವವರು. ಆದರೆ ತೋಟವಿದ್ದದ್ದು ಮಲಾಯದಲ್ಲಿ. ಅವರ ಮನೆ ಸುಳ್ಯದಾಚೆ ಮಂಡೆಕೋಲು. ರಜೆಯಲ್ಲಿ ಬಂದು ಮದುವೆಯಾಗಿ, ನನ್ನ ವಾದಗಳಿಗೆಲ್ಲ “ಹಾಂ, ಅದು ಹೌದು” ಎಂದು ತಲೆಯಾಡಿಸುತ್ತಲೇ ರಜೆ ಮುಗಿಸಿ ಹಡಗು ಹತ್ತಿದರು. ಎದುರಾಳಿಯೇ ಇಲ್ಲದ ದಾಂಪತ್ಯ ಎಷ್ಟು ಬೇಸರದ್ದು ಎಂದು ಆಗ ಗೊತ್ತಾಯಿತು. ನಾನು ಮಂಡೆಕೋಲಿನಲ್ಲಿ ಅತ್ತೆಯ ಜೊತೆ ಉಳಿದೆ. ನನ್ನದು ತುಳು, ಅತ್ತೆಯದು ಸುಳ್ಯದ ಕಡೆಯ ಅರೆಭಾಷೆ. ಪ್ರೀತಿ ಬಂದಾಗ ಇಬ್ಬರೂ ಅವರವರ ಭಾಷೆ ಆಡುತ್ತಿದ್ದೆವು, ಜಗಳ ಬಂದಾಗ ಕನ್ನಡಕ್ಕೆ ಇಳಿಯುತ್ತಿದ್ದೆವು. ಹಾಗಾಗಿ ನಮ್ಮ ಮನೆಯಲ್ಲಿ ಕನ್ನಡ ಚೆನ್ನಾಗಿ ಬೆಳೆಯಿತು. ಅಷ್ಟರಲ್ಲಿ ಮಲಾಯದಿಂದ ಸುದ್ದಿ ಬಂತು: ತೋಟದವರು ಸಂಸಾರವಂದಿಗರ ಕ್ವಾರ್ಟರ್ಸು ಕೊಟ್ಟಿದ್ದಾರೆ, ಆದರೆ ದೀಪಾವಳಿ ಕಳೆದು ಹೊರಡುವ ಹಡಗಿನಲ್ಲಿ ಹೆಂಡತಿ ಬರದಿದ್ದರೆ ಅದನ್ನು ಬೇರೆಯವರಿಗೆ ಕೊಡುತ್ತಾರೆ, ಆಮೇಲೆ ಯಾವಾಗ ಸಿಗುತ್ತದೋ ದೇವರೇ ಬಲ್ಲ. ದೇವರ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ ಇದ್ದರೂ ಹಡಗಿನ ವಿಷಯದಲ್ಲಿ ಸಂಶಯವಿರಲಿಲ್ಲ. ಹೋಗಲೇಬೇಕು.

ಹೋಗಬೇಕಾದರೆ ಪರವಾನಗಿ ಕೊಡುವ ಮದ್ರಾಸಿನ ಕಚೇರಿಯಲ್ಲಿ ಸಂದರ್ಶನ. ನಾನು ಇವರ ಹೆಂಡತಿಯೇ ಹೌದು ಎಂದು ಅಲ್ಲಿಯ ಬಿಳಿ ಸಾಹೇಬರಿಗೆ ಒಪ್ಪಿಗೆಯಾಗಬೇಕು. ಎಲ್ಲ ದಾಖಲೆಯೂ ಒರಿಜಿನಲ್ಲೇ ಆಗಬೇಕು. ಪಾಸ್‌ಪೋರ್ಟು, ಎಸ್ಸೆಸ್ಸೆಲ್ಸಿ ಪುಸ್ತಕ ಇದ್ದವು. ಮದುವೆಗೇ ದಾಖಲೆ ಇರಲಿಲ್ಲ. ನಮ್ಮಲ್ಲಿ ಮದುವೆಗೆ ಧಾರೆ ಎರೆಯುತ್ತಾರೆಯೇ ಹೊರತು ರಸೀದಿ ಕೊಡುವುದಿಲ್ಲ. ಊರ ಪಟೇಲರಲ್ಲಿ ಒಂದು ಸರ್ಟಿಫಿಕೇಟು ಕೇಳಿದ್ದಕ್ಕೆ, “ನಾನೇ ಕೂತು ಊಟ ಮಾಡಿದ್ದೇನಲ್ಲ ಮಾರಾಯ್ತಿ, ಅದಕ್ಕಿಂತ ದೊಡ್ಡ ಸಾಕ್ಷಿ ಎಂತದು?” ಎಂದು ಆಶ್ಚರ್ಯಪಟ್ಟು, ಕೊನೆಗೆ ಅದನ್ನೇ ಬರೆದು ಮೊಹರು ಒತ್ತಿದರು: ‘ಸದರಿಯವರ ವಿವಾಹದ ಊಟವನ್ನು ನಾನು ಸ್ವತಃ ಉಂಡಿರುತ್ತೇನೆ.’ ಪುತ್ತೂರಿನ ಒಬ್ಬ ಟೈಪಿಸ್ಟರು ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಅವಸರದಲ್ಲಿ ಊಟವನ್ನು ಬಿಟ್ಟುಬಿಟ್ಟರು. ಇಂಗ್ಲಿಷಿನ ಪ್ರಕಾರ ಪಟೇಲರು ನನ್ನ ಮದುವೆಯನ್ನೇ ಸ್ವತಃ ತಿಂದಿದ್ದರು. ಇದರ ಜೊತೆಗೆ ಮದುವೆಯ ಒಂದೇ ಒಂದು ಫೋಟೋ. ಅದರಲ್ಲಿ ಮದುಮಗನ ಮುಂಡಾಸಿಗೂ ಹೂಮಾಲೆಗೂ ನಡುವೆ ಎರಡು ಕಣ್ಣು ಮತ್ತು ಒಂದು ಮೀಸೆ ಕಾಣುತ್ತವೆ. ಪಕ್ಕದಲ್ಲಿ ನಾನು ಬಾಯಿ ತೆರೆದಿದ್ದೇನೆ, ಏನೋ ಹೇಳುತ್ತಿದ್ದಿರಬೇಕು. ಹಿಂದೆ ಅತ್ತೆ ಕಣ್ಣು ಮುಚ್ಚಿ ನಿಂತಿದ್ದಾರೆ. ಆದರೂ ಅತ್ತೆಯ ಆಯುಷ್ಯದಲ್ಲಿ ತೆಗೆಸಿದ ಫೋಟೋ ಅದೊಂದೇ. ಕೊಡುವಾಗ, “ವಾಪಸು ತರ್ತೀಯಲ್ಲ?” ಎಂದು ಕೇಳಿದರು. “ಒರಿಜಿನಲ್ ವಾಪಸು ಕೊಡುದು ಅವರ ಕರ್ತವ್ಯ ಅತ್ತೆ” ಎಂದೆ. “ಕರ್ತವ್ಯ ಅಲ್ಲ ನಾನು ಕೇಳಿದ್ದು, ಫೋಟೋ” ಎಂದರು.

ಅಪ್ಪನನ್ನು ಕರೆದುಕೊಂಡು ಮಂಗಳೂರಿಗೆ ಬಸ್ಸು, ಅಲ್ಲಿಂದ ಮದ್ರಾಸಿಗೆ ರೈಲು. ಅಪ್ಪ ಕಚೇರಿಯ ಹೊರಗಿನ ಬೆಂಚಿನಲ್ಲಿ ಕುಳಿತಲ್ಲೇ ನಿದ್ದೆಹೋದರು. ಒಳಗೆ ನಾನು ಜೀವಮಾನದ ಅತ್ಯುತ್ತಮ ಚರ್ಚೆ ಮಾಡಿದೆ. ಸಾಹೇಬರು ವಯಸ್ಸಾದವರು, ಸೌಮ್ಯ. “ನೀವು ಗಂಡನೊಡನೆ ಎಷ್ಟು ಕಾಲದಿಂದ ಇದ್ದೀರಿ?” ಎಂದರು. “ಮದುವೆಯಾಗಿ ಆದ ಕಾಲವೋ, ಒಟ್ಟಿಗೆ ಇದ್ದ ಕಾಲವೋ, ದಯವಿಟ್ಟು ಸ್ಪಷ್ಟಪಡಿಸಬೇಕು” ಎಂದೆ. ಫೋಟೋ ನೋಡಿ, “ಇವರೇ ನಿಮ್ಮ ಗಂಡ ಎಂದು ಹೇಗೆ ನಂಬುವುದು?” ಎಂದರು. “ಮೀಸೆಯಂತೂ ಅವರದ್ದೇ. ಉಳಿದದ್ದನ್ನು ನೀವು ಊಹಿಸಬಹುದು” ಎಂದೆ. ಪಟೇಲರು ಮದುವೆ ತಿಂದ ವಾಕ್ಯವನ್ನು ಅವರು ಎರಡೆರಡು ಸಲ ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕರಗಿದರು ಎಂದೇ ನಾನು ತಿಳಿದೆ. ಕೊನೆಗೆ ಕುರ್ಚಿಯಿಂದ ಏಳುತ್ತಾ, ಕಾಗದಗಳನ್ನು ಪರಿಶೀಲಿಸಬೇಕು, ಕೆಲವು ದಿನ ಇಲ್ಲೇ ಇರಲಿ, ಆಮೇಲೆ ಅಂಚೆಯಲ್ಲಿ ಎಂದೇನೋ ಹೇಳಿದರು. ಎದುರಾಳಿಯ ಕೊನೆಯ ವಾಕ್ಯವನ್ನು ಪೂರ್ತಿ ಕೇಳಿಸಿಕೊಳ್ಳುವ ಅಭ್ಯಾಸ ಚರ್ಚಾಪಟುಗಳಿಗೆ ಇರುವುದಿಲ್ಲ. ಗೆದ್ದ ಗತ್ತಿನಲ್ಲಿ ಹೊರಗೆ ಬಂದು ಅಪ್ಪನನ್ನು ಎಬ್ಬಿಸಿ, “ಅಂಚೆಯಲ್ಲಿ ಬರ್ತದೆ” ಎಂದೆ.

ಬರಲಿಲ್ಲ. ಮಳೆಗಾಲ ಪೂರ್ತಿ ಬಂತು, ಚೌತಿ ಬಂತು, ನವರಾತ್ರಿ ಬಂತು, ಅಂಚೆ ಮಾತ್ರ ಬರಲಿಲ್ಲ. ನಾನು ಕಚೇರಿಗೆ ಪತ್ರ ಬರೆಯಲು ತೊಡಗಿದೆ. ಎಂಥ ಪತ್ರಗಳು! ಮೊದಲನೆಯದರಲ್ಲಿ ಸೌಜನ್ಯ, ಎರಡನೆಯದರಲ್ಲಿ ತರ್ಕ, ಮೂರನೆಯದರಲ್ಲಿ ಪ್ರಜೆಯ ಹಕ್ಕು. ಪ್ರತಿಯೊಂದಕ್ಕೂ ಒಂದೇ ಸಾಲಿನ ಉತ್ತರ ಬರುತ್ತಿತ್ತು: ‘ದಾಖಲೆಗಳು ಸಿದ್ಧವಾಗಿವೆ, ತಮ್ಮ ಆಗಮನವನ್ನು ನಿರೀಕ್ಷಿಸುತ್ತಿವೆ.’ ಇದು ಇಂಗ್ಲಿಷರ ಒಣ ಮರ್ಯಾದೆ, ಪತ್ರದ ಕೊನೆಗೆ ‘ತಮ್ಮ ವಿಧೇಯ ಸೇವಕ’ ಎಂದು ಬರೆಯುವ ಹಾಗೆ ಎಂದು ನಾನು ತೀರ್ಮಾನಿಸಿದೆ. ನಿರೀಕ್ಷಿಸುವುದು ಜೀವವಿರುವ ವಸ್ತುವಿನ ಗುಣ, ಕಾಗದಗಳು ಹೇಗೆ ನಿರೀಕ್ಷಿಸುತ್ತವೆ ಎಂದು ಒಂದು ಪುಟ ಖಂಡನೆ ಬರೆದು ಹಾಕಿದೆ. ಅತ್ತೆ, “ಅವರು ಬಾ ಅಂತ ಹೇಳುದಾ?” ಎಂದು ಒಮ್ಮೆ ಕೇಳಿದರು. “ಅದು ಅಲಂಕಾರ ಅತ್ತೆ, ನಿಮಗೆ ಗೊತ್ತಾಗುದಿಲ್ಲ” ಎಂದೆ. ಬೇರೆ ದಾರಿ ಕಾಣದೆ ಇನ್ನೊಂದು ಸರ್ಟಿಫಿಕೇಟು ಕೊಡಿ ಎಂದು ಪಟೇಲರಲ್ಲಿಗೂ ಹೋದೆ. ಅವರು ಎರಡೂ ಕೈ ಅಲ್ಲಾಡಿಸಿ, “ಅದಾಗ್ಲಿಕ್ಕಿಲ್ಲ. ಎರಡು ಸರ್ಟಿಫಿಕೇಟು ಕೊಟ್ರೆ ಎರಡು ಮದುವೆ ಆಗ್ತದೆ. ನಾನು ಉಂಡದ್ದು ಒಂದೇ ಊಟ” ಎಂದರು. ಪಾಸ್‌ಪೋರ್ಟು ಮದ್ರಾಸಿನಲ್ಲಿ, ಗಂಡ ಮಲಾಯದಲ್ಲಿ, ನಾನು ಮಂಡೆಕೋಲಿನಲ್ಲಿ. ದೀಪಾವಳಿ ಹತ್ತಿರ ಬರುತ್ತಿತ್ತು. ರಾತ್ರಿ ಅನ್ನ ಸೇರುತ್ತಿರಲಿಲ್ಲ ಎಂದು ಈಗ ಹೇಳಿಕೊಳ್ಳಬಹುದು. ಆಗ, ಹಸಿವಿಲ್ಲ ಎಂದು ವಾದಿಸುತ್ತಿದ್ದೆ.

ಅಷ್ಟರಲ್ಲಿ ಕಬಕದ ಇದ್ದಿನಬ್ಬ ಬ್ಯಾರಿಗಳು ಕಾಳುಮೆಣಸಿನ ವ್ಯಾಪಾರಕ್ಕೆ ಮದ್ರಾಸಿಗೆ ಹೊರಟರು. ಅಪ್ಪನ ಹಳೆಯ ಗೆಳೆಯರು. ನನ್ನ ಪರವಾಗಿ ದಾಖಲೆ ಪಡೆಯಲು ಅವರಿಗೆ ಅಧಿಕಾರ ಕೊಟ್ಟು ಒಂದು ಪತ್ರ ಬರೆದೆ; ಅದರಲ್ಲೂ ಒಂದೆರಡು ಖಂಡನೆ ಸೇರಿಸಿದೆ. ಅವರು ಊರಿಗೆ ಮರಳಿದ ದಿನ ಜಾಲ್ಸೂರಿನವರೆಗೆ ನಡೆದು ಬಸ್ಸು ಹಿಡಿದು ಕಬಕಕ್ಕೆ ಧಾವಿಸಿದೆ. ಬ್ಯಾರಿಗಳು ಅಂಗಡಿಯ ಗೋಣಿಯ ಮೇಲೆ ಕುಳಿತು, ಕೈಯನ್ನು ಖಾಲಿಯಾಗಿ ಬಿಡಿಸಿ ತೋರಿಸಿದರು.

“ಕೊಡ್ಲಿಲ್ವಾ ಸಾವುಕಾರ್ರೆ?”

“ಇಲ್ಲ ಮಗಳೇ. ಕವರು ಕಟ್ಟಿ ಇಟ್ಟಿದ್ದಾರೆ, ಕಣ್ಣಾರೆ ನೋಡಿದೆ. ಆದ್ರೆ ಕೊಡ್ಲಿಕ್ಕಿಲ್ಲ ಅಂತೆ. ನೀನೇ ಬರ್ತೇನೆ ಅಂತ ಹೇಳಿದ್ದಿಯಂತೆ.”

“ನಾನಾ? ನಾನು ಹಾಗೆ ಹೇಳ್ಲೇ ಇಲ್ಲ. ಯಾರು ಹೇಳಿದ್ದು ಅದು?”

“ಆ ಸಾಹೇಬ್ರೇ. ಪೋಸ್ಟಲ್ಲಿ ಕಳಿಸುದಾ, ನೀವು ಬರುದಾ ಅಂತ ಅವರು ಕೇಳಿದ್ರಂತೆ. ನೀನು ಬರ್ತೇನೆ ಅಂದಿಯಂತೆ.”

“ಸುಳ್ಳು. ಆಧಾರ ಎಂತ ಉಂಟು?”

“ನನ್ನನ್ನು ಕೋರ್ಟಿಗೆ ಎಳಿಬೇಡ ಮಾರಾಯ್ತಿ, ನಾನು ಮೆಣಸು ಮಾರುವವ. ಅವರು ಮಾಡಿ ತೋರಿಸಿದ್ರು. ಹೀಗೆ ಕೈಮುಗಿದು ಹೇಳಿದ್ಳು ಅಂದ್ರು.” ಬ್ಯಾರಿಗಳು ಗೋಣಿಯಿಂದ ಎದ್ದು, ತಲೆ ತುಸು ಓರೆ ಮಾಡಿ, ಕೈ ಮುಗಿದರು. “ಐ ವಿಲ್ ಕಮ್, ಸರ್.”

ಕೈ ಮುಗಿದದ್ದನ್ನು ನೋಡಿದ ಕೂಡಲೇ ಸಾಹೇಬರು ಎದ್ದದ್ದು, ನಾನು ಎದ್ದದ್ದು, ಗೆದ್ದ ಖುಷಿಯಲ್ಲಿ ಕೈ ಮುಗಿದದ್ದು ಎಲ್ಲ ನೆನಪಾಯಿತು. ಹೊರಡುವವಳ ಬಾಯಿಂದ ಬರುವುದು ಬಂದಿತ್ತು. ಅದೂ, ಕಾಲೇಜಿನಲ್ಲಿ ಕಲಿತ ಶುದ್ಧ ವ್ಯಾಕರಣದಲ್ಲಿ. ಅಮ್ಮನ ಅಡುಗೆಮನೆಯ ಕಾನೂನನ್ನು ನಾನು ಸಾಹೇಬರಿಗೆ ಭಾಷಾಂತರ ಮಾಡಿ ಕೊಟ್ಟಿದ್ದೆ. ನಮ್ಮೂರಿನಲ್ಲಿ ‘ಬರ್ತೇನೆ’ ಎಂದರೆ ಹೋಗುತ್ತಾಳೆ ಎಂದು ದನಕರುವಿಗೂ ಗೊತ್ತು. ಆ ಮುದುಕ ಅದನ್ನು ಬರುತ್ತಾಳೆ ಎಂದು ನಂಬಿ, ಮಳೆಗಾಲವಿಡೀ ಬಾಗಿಲು ನೋಡುತ್ತಾ ಕುಳಿತಿದ್ದಾನೆ! ನಾನು ಗೋಣಿಗಳ ನಡುವೆಯೇ ಕುಳಿತು ನಗಲು ಶುರು ಮಾಡಿದೆ. ಬ್ಯಾರಿಗಳು ಗಾಬರಿಯಾಗಿ ನೀರು ತರಿಸಿದರು. ವಿಷಯ ಕೇಳಿದ ಮೇಲೆ, “ಹಾಗಾದ್ರೆ ತಪ್ಪು ಅವರದ್ದೂ ಅಲ್ಲ, ನಿನ್ನದೂ ಅಲ್ಲ. ನಿನ್ನ ತಾಯಿಯದ್ದು. ಅವರತ್ರ ಹೋಗಿ ವಾದ ಮಾಡು ನೋಡುವಾ” ಎಂದರು.

ಮಾಡಲಿಲ್ಲ. ಅಪ್ಪನನ್ನು ಎಬ್ಬಿಸಿಕೊಂಡು ಮತ್ತೆ ಮದ್ರಾಸಿಗೆ ಓಡಿದೆ. ಸಾಹೇಬರು ನನ್ನನ್ನು ಕಂಡ ಕೂಡಲೇ, “ಬಂದಿರಾ! ಬರುತ್ತೇನೆ ಎಂದವರು ಬರುತ್ತೀರಿ ಎಂದು ನನಗೆ ಗೊತ್ತಿತ್ತು” ಎಂದು ಕವರು ಎತ್ತಿ ಕೊಟ್ಟರು. ಪಾಸ್‌ಪೋರ್ಟು, ಅದರಲ್ಲಿ ಒದ್ದೆಯಾರದ ಹಾಗೆ ಹೊಳೆಯುವ ನೇರಳೆ ಮೊಹರು, ಎಸ್ಸೆಸ್ಸೆಲ್ಸಿ ಪುಸ್ತಕ, ಪಟೇಲರ ಊಟ, ಎರಡು ಕಣ್ಣು ಮತ್ತು ಒಂದು ಮೀಸೆ. ಎಲ್ಲವೂ ಇತ್ತು. ಎದೆಯ ಮೇಲಿಂದ ಒಂದು ಅರೆಯುವ ಕಲ್ಲು ಇಳಿದ ಹಾಗಾಯಿತು. ಹೇಳಲೆಂದು ಸಿದ್ಧ ಮಾಡಿಕೊಂಡಿದ್ದ ವಿವರಣೆ ಪೂರ್ತಿ ಮರೆತು, ಕವರನ್ನು ಎದೆಗವಚಿಕೊಂಡು, ಎದ್ದು ನಿಂತು, ಕೈ ಮುಗಿದು, “ಐ ವಿಲ್ ಕಮ್, ಸರ್” ಎಂದೆ. ಸಾಹೇಬರ ಮುಖ ಬಿಳಿಚಿಕೊಂಡಿತು, ಅಂದರೆ ಇನ್ನಷ್ಟು. “ಬೇಡ, ಬೇಡ, ಇನ್ನು ನೀವು ಬರಬೇಕಾಗಿಲ್ಲ!” ಎಂದು ತಾವೇ ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಈಗ ಈ ರಬ್ಬರ್ ತೋಟದ ಕ್ವಾರ್ಟರ್ಸಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಒಳಗಿನಿಂದ, “ಹಾಂ, ಅದು ಹೌದು” ಎಂಬ ಧ್ವನಿ ಆಗಾಗ ಕೇಳುತ್ತದೆ. ಎಲ್ಲವೂ ಸುಖವಾಗಿದೆ. ಆದರೆ ಮಂಡೆಕೋಲಿನಿಂದ ಹೊರಟ ದಿನದ್ದೊಂದು ಹೇಳಲು ಬಾಕಿಯಿದೆ. ಅಂದು ನಾನು ಮೊದಲೇ ನಿಶ್ಚಯಿಸಿಕೊಂಡಿದ್ದೆ: ಇಷ್ಟು ದೂರ, ಇಷ್ಟು ವರ್ಷಕ್ಕೆ ಹೊರಟವಳು ಸುಳ್ಳು ಹೇಳಬಾರದು, ಸತ್ಯವಾದ ‘ಹೋಗ್ತೇನೆ’ಯನ್ನೇ ಹೇಳಬೇಕು. ಹೊಸ್ತಿಲಲ್ಲಿ ಅತ್ತೆಯ ಕಾಲು ಮುಟ್ಟಿ ಎದ್ದೆ, ಬಾಯಿ ತೆರೆದೆ. “ಬರ್ತೇನೆ ಅತ್ತೆ.”

ಅತ್ತೆ ಒಳಗೆ ಹೋದರು. ತಿರುಗಿ ಬಂದಾಗ ಕೈಯಲ್ಲಿ ಆ ಮದುವೆಯ ಫೋಟೋ ಇತ್ತು. ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ನಾನು ಜೋಪಾನವಾಗಿ ಇಟ್ಟಿದ್ದು, ಯಾವಾಗ ತೆಗೆದಿದ್ದರೋ.

“ಇದು ಇಲ್ಲಿರ್ಲಿ.”

“ಅತ್ತೆ, ಅದು ನನಗೆ ಬೇಕು. ಅಲ್ಲಿ ಗೋಡೆಗೆ ಹಾಕ್ಲಿಕ್ಕೆ. ಬೇಕಾದ್ರೆ ಇದರ ಕಾಪಿ ತೆಗೆಸಿ ಕೊಡ್ತೇನೆ ನಿಮಗೆ.”

“ಕಾಪಿ ನಂಗೆ ಬೇಡ. ಬರ್ತೇನೆ ಅಂದಿಯಲ್ಲ? ಬಂದು ತಕೊಂಡು ಹೋಗು” ಎಂದರು ಅತ್ತೆ, ಫೋಟೋವನ್ನು ಸೆರಗಿನೊಳಗೆ ಸೇರಿಸುತ್ತಾ. “ನಾನು ಪೋಸ್ಟಲ್ಲಿ ಕಳಿಸುದಿಲ್ಲ.”

ಇದಕ್ಕೆ ಉತ್ತರವಾಗಿ ಒಂದು ಒಳ್ಳೆಯ ವಾದ ನನ್ನಲ್ಲಿ ಇರಲೇಬೇಕು. ಹಡಗಿನಲ್ಲಿ ಯೋಚಿಸಿದೆ, ಇಲ್ಲಿಗೆ ಬಂದ ಮೇಲೂ ಯೋಚಿಸುತ್ತಿದ್ದೇನೆ. ಸಿಕ್ಕಿದರೆ ಮಂಡೆಕೋಲಿಗೆ ನಾನೇ ಹೋಗಿ ಎದುರಿಗೆ ನಿಂತು ಹೇಳಬೇಕೆಂದಿದ್ದೇನೆ.